ಸದ್ದು ಅಡಗಿದ ಭರಣಿ

ಭರಣಿಗೆ ಕಿವಿಯೊಡ್ಡಿ ಕೂತ ವಕೀಲನನ್ನು ನೀವು ನೋಡಿರಲಿಕ್ಕಿಲ್ಲ. ನೋಡಬೇಕೆಂದಿದ್ದರೆ ಆ ಶ್ರಾವಣದಲ್ಲಿ ಕಲಬುರ್ಗಿಯ ನಮ್ಮ ಮನೆಗೆ ಬರಬೇಕಿತ್ತು. ಹೆಂಡತಿ ನೀಲಮ್ಮ ಪಂಚಮಿಗೆಂದು ತವರೂರು ಕಮಲಾಪುರಕ್ಕೆ ಹೋಗಿದ್ದಳು. ಮನೆಯಲ್ಲಿ ಉಳಿದದ್ದು ನಾನು, ಆಕೆಯ ಉಪ್ಪಿನಕಾಯಿ ಭರಣಿ, ಅದರೊಳಗೆ ನಾನು ಮಾಡಿಟ್ಟ ಬೀರು.

ಕಲಿಸಿದವನು ರೈಲ್ವೆಯ ಒಬ್ಬ ಬಿಳಿತೊಗಲಿನ ಗೋರಾ ಗಾರ್ಡು, ನನ್ನ ಕಕ್ಷಿದಾರ. ಮೊಳಕೆ ಬರಿಸಿದ ಜವೆಗೋಧಿ, ಬೆಲ್ಲ, ಅವನೇ ಕೊಟ್ಟ ಕಹಿ ಒಣಹೂವು, ಇಷ್ಟೇ ಸಾಮಾನು. ಮನೆಯಲ್ಲಿ ಹೀಗೆ ಮಾಡಿದರೆ ನಿಜಾಮ ಸರಕಾರದ ಅಬಕಾರಿ ಕಾನೂನಿನಲ್ಲಿ ಏನು ಶಿಕ್ಷೆ ಎಂಬುದು ನನಗೆ ಬಾಯಿಪಾಠ. ವಕೀಲನಿಗಿರುವ ಅನುಕೂಲವೇ ಇದು, ತಪ್ಪನ್ನು ತಿಳಿದು ಮಾಡಬಹುದು.

ಹುದುಗು ಮುಗಿದದ್ದು ಗೊತ್ತಾಗುವುದು ಹೇಗೆ? ನೊರೆ ಇಳಿಯಬೇಕು, ಗುಳುಗುಳು ಸದ್ದು ಅಡಗಬೇಕು, ಆಮೇಲೂ ಕೆಲವು ದಿನ ರುಚಿ ನೋಡುತ್ತಿರಬೇಕು, ಸಿಹಿ ಹೋಗಿ ರುಚಿ ಒಂದೇ ಥರ ನಿಂತಾಗ ಮುಗಿಯಿತೆಂದು ತಿಳಿಯಬೇಕು ಎಂದಿದ್ದ ಗಾರ್ಡು. ಮೊದಲೆರಡನ್ನು ಶ್ರದ್ಧೆಯಿಂದ ಕೇಳಿದೆ. ಮೂರನೆಯದಕ್ಕೆ ತಾಳ್ಮೆ ಬೇಕು. ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಕೇಳುವ ನನಗೆ ಮನೆಯಲ್ಲಿ ಒಂದು ದಿನ ಕಾಯಲಾಗುವುದಿಲ್ಲ.

ಮೋಡ ಮುಸುಕಿ ಥಂಡಿ ಹಿಡಿದ ಒಂದು ಮುಂಜಾನೆ ಭರಣಿ ಸುಮ್ಮನಾಗಿತ್ತು. ಬೀರನ್ನು ಬಾಟಲಿಗಳಿಗೆ ತುಂಬಿ ಬೂಚು ಜಡಿದೆ. ಪಾಪ, ಅದು ಮುಗಿದಿರಲಿಲ್ಲ, ಚಳಿಗೆ ಮುದುಡಿ ಕೂತಿತ್ತು. ಬಿಸಿಲು ಬಿದ್ದ ದಿನ ಬೂಚುಗಳು ಒಂದೊಂದಾಗಿ ಹಾರಿ ಮಾಳಿಗೆಯ ತೊಲೆಗೆ ಬಡಿದವು. ಬೀರು ಅಂಗಳದವರೆಗೆ ಹರಿಯಿತು, ವಾಸನೆ ಓಣಿಯ ತುದಿಯವರೆಗೆ, ಸುದ್ದಿ ಕಮಲಾಪುರದವರೆಗೆ. ತೀರಿಕೊಂಡ ತನ್ನ ಅವ್ವ ಕೊಟ್ಟ ಭರಣಿಯಲ್ಲಿ ಹೆಂಡ ಹಾಕಿದವರ ಮನೆಗೆ ತಾನು ಬರುವುದಿಲ್ಲವೆಂದು ನೀಲಮ್ಮ ಹೇಳಿ ಕಳಿಸಿದಳು.

ಮನೆ ಬಿಕೋ ಎನ್ನತೊಡಗಿತು. ರೊಟ್ಟಿ ಬಡಿಯಲು ಹೋಗಿ ನಕಾಶೆ ಬಡಿದೆ. ಹಸಿವಿಗಿಂತ ಭಯವೇ ದೊಡ್ಡದಾಗಿತ್ತು. ಆಕೆ ನಿಜಕ್ಕೂ ಬಾರದಿದ್ದರೆ? ಎತ್ತಿನಗಾಡಿ ಮಾಡಿಕೊಂಡು ಕಮಲಾಪುರಕ್ಕೆ ಹೊರಟೆ.

ಮಾವನವರು ಕೆಂಪು ಬಾಳೆಹಣ್ಣು ಮುಂದಿಟ್ಟು ಮಳೆಬೆಳೆಯ ಮಾತಾಡಿದರು. ನೀಲಮ್ಮ ನೀರು ಕೊಟ್ಟಳು, ಊಟಕ್ಕೆ ಬಡಿಸಿದಳು. ಒಂದು ಮಾತಿಲ್ಲ, ಒಂದು ಹನಿ ಕಣ್ಣೀರಿಲ್ಲ. ನೊರೆ ಇಳಿದಿದೆ, ಸದ್ದೂ ಅಡಗಿದೆ ಎಂದು ಲೆಕ್ಕ ಹಾಕಿ, ಒಮ್ಮೆ ಕೆಟ್ಟರೂ ಬುದ್ಧಿ ಬಾರದ ನಾನು, ನಾಳೆ ಇಬ್ಬರೂ ಹೊರಡುತ್ತೇವೆಂದು ಮಾವನವರಿಗೆ ಹೇಳಿಯೇಬಿಟ್ಟೆ.

“ನಾ ಸುಮ್ನ ಅದೀನಿ ಅಂದ್ರ ಸಿಟ್ಟು ಹೋಗ್ಯಾದ ಅಂತ ತಿಳ್ಕೊಂಡೀರೇನ್ರೀ?” ಎಂದಳು ನೀಲಮ್ಮ, ಅಪ್ಪನ ಎದುರಿಗೇ.

ಹೊಸ ಭರಣಿ ತರುತ್ತೇನೆಂದೆ. ಅವ್ವನನ್ನೂ ಹೊಸದಾಗಿ ತರುತ್ತೀರೇನು ಎಂಬಂತೆ ನೋಡಿದಳು. ಇಷ್ಟು ವರ್ಷದ ವಕೀಲಿಯಲ್ಲಿ ಅಷ್ಟು ಪೂರ್ತಿಯಾಗಿ ನಾನು ಎಂದೂ ಸೋತಿರಲಿಲ್ಲ.

“ಸಿಟ್ಟು ಇರ್ಲಿ,” ಎಂದೆ ಕೊನೆಗೆ. “ನೀ ಇಲ್ಲದ ಮನ್ಯಾಗ ನನಗ ಇರಾಕ ಆಗವಲ್ದು.”

ಮರುದಿನ ಆಕೆ ನನಗಿಂತ ಮೊದಲೇ ಗಾಡಿ ಹತ್ತಿ ಕೂತಿದ್ದಳು.

ಊರ ಅಗಸಿ ಬಾಗಿಲು ದಾಟಿದ್ದೇ ತಡ, ಶುರುವಾಯಿತು. ಭರಣಿಯಿಂದ ಹಿಡಿದು ಮದುವೆಯಾದ ಹೊಸದರಲ್ಲಿ ನಾನು ಆಡಿ ಮರೆತ ಮಾತುಗಳವರೆಗೆ ಎಲ್ಲವೂ ಉಕ್ಕಿ ಬಂದವು. ಹೂಂ, ಹೌದು ಎನ್ನುತ್ತಾ ಕೂತೆ. ಇದು ಯಾವಾಗ ಮುಗಿಯುತ್ತದೆಂದು ತಿಳಿಯುವ ಆಸೆಯೇ ನನಗಿರಲಿಲ್ಲ. ಬೈಯುತ್ತಲೇ ಆದರೂ ಮನೆಗೆ ಬರುತ್ತಿದ್ದಳಲ್ಲ. ಆ ದಿನ ಕಲಬುರ್ಗಿ ತುಸು ಬೇಗನೇ ಬಂದುಬಿಟ್ಟಿತು.