ಸದಾನಂದ ಭಟ್ಟರಿಗೆ ನಾನು ಹೇಳಿದ ಮಾತು

೨೦೦೮ರಲ್ಲಿ ನಾನು ಮುಂಬಯಿ ಪಕ್ಕದ ಠಾಣೆ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞನಾಗಿದ್ದೆ. ಆ ಜನವರಿಯಲ್ಲಿ ವರ್ತಕ ನಗರದ ಸದಾನಂದ ಭಟ್ಟರು ಎದೆಯುರಿಯೆಂದು ಬಂದರು. ವಯಸ್ಸು ಐವತ್ತನಾಲ್ಕು. ಊರು ಉಡುಪಿಯ ಕಡೆ. ವಾಶಿಯ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವರು.

ಇಸಿಜಿ ನೋಡಿ ಅನುಮಾನ ಬಂದು ಆಂಜಿಯೋಗ್ರಾಂ ಮಾಡಿದೆ. ಹೃದಯಕ್ಕೆ ರಕ್ತ ಒಯ್ಯುವ ಮುಖ್ಯ ಧಮನಿಯೊಂದು ಶೇಕಡಾ ತೊಂಬತ್ತರಷ್ಟು ಮುಚ್ಚಿತ್ತು. ಬಲೂನಿನಿಂದ ಅದನ್ನು ಹಿಗ್ಗಿಸಿ, ಮತ್ತೆ ಕುಗ್ಗದಂತೆ ಸ್ಟೆಂಟ್ ಎಂಬ ಲೋಹದ ಸಣ್ಣ ಜಾಲರಿ ಕೂರಿಸಿದೆ.

ಮೂರನೆಯ ದಿನ ಮನೆಗೆ ಹೊರಟವರು ಕೇಳಿದರು: “ಇನ್ನು ಒಲೆ ಎದುರು ನಿಲ್ಲಬಹುದಾ ಡಾಕ್ಟ್ರೇ?”

“ಧಾರಾಳವಾಗಿ. ನೀವೀಗ ಪೂರ್ತಿ ಗುಣ!” ಎಂದೆ.

ಹೆಂಡತಿ ಸುಮತಿಯವರು ಕೈಮುಗಿದರು. ಇನ್ನೊಬ್ಬ ರೋಗಿ ಟೇಬಲ್ ಮೇಲೆ ಕಾಯುತ್ತಿದ್ದ, ನಾನು ನಡೆದೆ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆಗಳನ್ನು ಒಂದು ವರ್ಷ ತಪ್ಪದೆ ನುಂಗಬೇಕೆಂದು ಡಿಸ್ಚಾರ್ಜ್ ಕಾಗದದಲ್ಲಿ ಇಂಗ್ಲಿಷಿನಲ್ಲಿತ್ತು. ಬಾಯಿಬಿಟ್ಟು ಹೇಳಲಿಲ್ಲ.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಅವರನ್ನು ರಿಕ್ಷಾದಲ್ಲಿ ತಂದರು. ಅಂಗಿ ಬೆವರಿಗೆ ಮೈಗಂಟಿತ್ತು. ನನ್ನನ್ನು ಕಂಡದ್ದೇ, “ನೀವಿದ್ದೀರಲ್ಲ, ಸಾಕು” ಎಂದರು. ಸ್ಟೆಂಟ್ ಹೆಪ್ಪಿನಿಂದ ತುಂಬಿಹೋಗಿತ್ತು. ನಲವತ್ತು ನಿಮಿಷ ಹೆಣಗಿದೆವು. ಉಳಿಸಿಕೊಳ್ಳಲಾಗಲಿಲ್ಲ.

ಹೊರಗೆ ಸುಮತಿಯವರು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಹೇಳಿದರು:

“ಆ ಮಾತ್ರೆ ಶುರು ಮಾಡಿದ ಮೇಲೆ ಹಲ್ಲುಜ್ಜುವಾಗ ರಕ್ತ ಬರ್ತಿತ್ತು. ಗುಣ ಆಗಿದೆ ಅಂತ ಡಾಕ್ಟ್ರೇ ಹೇಳಿದ್ದಾರಲ್ಲ, ಇನ್ನು ಆ ಮಾತ್ರೆ ಯಾಕೆ, ಬಿಡಿ ಅಂತ ನಾನೇ ಹೇಳಿದ್ದು. ಬಿಟ್ಟು ಹತ್ತು ದಿನ ಆಯ್ತು. ಅದರಿಂದಲೇ ಹೀಗಾಯ್ತಾ?”

ತಪ್ಪು ನಿಮ್ಮದಲ್ಲ ಅಮ್ಮಾ, ನನ್ನದು ಎನ್ನಬೇಕಿತ್ತು. “ಹಾಗೆ ಖಚಿತವಾಗಿ ಹೇಳಲಿಕ್ಕಾಗೋದಿಲ್ಲ” ಎಂದೆ. ಅವರು ತಲೆಯಾಡಿಸಿ, ಗಂಡನ ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡರು.

ಮೂರು ವಾರ ಒದ್ದಾಡಿ ಕೊನೆಗೆ ಅವರ ಮನೆ ಹುಡುಕಿಕೊಂಡು ಹೋದೆ. ಬೀಗ ಹಾಕಿತ್ತು. “ಗಾವಾಲಾ ಗೇಲ್ಯಾ,” ಊರಿಗೆ ಹೋದರು, ಎಂದರು ಪಕ್ಕದ ಮನೆಯ ಮರಾಠಿ ಹೆಂಗಸು. ಉಡುಪಿಯ ಕಡೆ ಯಾವ ಊರೆಂದು ಅವರಿಗೂ ಗೊತ್ತಿರಲಿಲ್ಲ.

ಸ್ಟೆಂಟ್ ಮುಚ್ಚಿದ ಒಂದು ಜಾಗವನ್ನು ತೆರೆಯುತ್ತದೆ, ಅಷ್ಟೆ. ಕಾಯಿಲೆ ಧಮನಿಗಳಲ್ಲೇ ಇರುತ್ತದೆ. ಅಂದಿನಿಂದ ರೋಗಿಯ ಪಕ್ಕ ಕುಳಿತು, ಮಾತ್ರೆ ಯಾಕೆಂದು ಅವರ ಭಾಷೆಯಲ್ಲಿ ಹೇಳಿ, ಅವರ ಬಾಯಿಂದ ಮತ್ತೆ ಹೇಳಿಸದೆ ಯಾರನ್ನೂ ಮನೆಗೆ ಕಳಿಸಿಲ್ಲ. ಅದರಿಂದ ಎಷ್ಟೋ ಜನ ಉಳಿದಿರಬಹುದು. ಆದರೆ ಗಂಡನನ್ನು ತಾನೇ ಕೊಂದೆನೆಂದು ಒಬ್ಬ ಹೆಂಗಸು ಎಲ್ಲೋ ನಂಬಿಕೊಂಡಿದ್ದಾಳೆ. ಅಲ್ಲವೆಂದು ಹೇಳಬಲ್ಲವನು ನಾನೊಬ್ಬನೇ.