ಕರಗಿದ ಉಪ್ಪು, ರಂಪಣಿಯ ಪಾಲು

ಮುಂದಿನ ಪೀಳಿಗೆಯ ಅಣು ರಿಯಾಕ್ಟರ್ ಕಟ್ಟಲು ಐದು ದೇಶಗಳು ಕೈಜೋಡಿಸಿವೆ. ಅವುಗಳಲ್ಲಿ ನಾಲ್ಕರ ಕೈ ಚಪ್ಪಾಳೆಗೆ ಮೀಸಲು. ಈ ರಿಯಾಕ್ಟರಿನಲ್ಲಿ ಶಾಖ ಹೊತ್ತೊಯ್ಯಲು ನೀರಿನ ಬದಲು ಕರಗಿದ ಉಪ್ಪು ಹರಿಯುತ್ತದೆ. ಆ ಉಪ್ಪು ಕೊಳವೆಯನ್ನು ಎಷ್ಟು ಬೇಗ ತಿನ್ನುತ್ತದೆ ಎಂದು ನೋಡುವುದು ನನ್ನ ಕೆಲಸ. ಎರಡು ವರ್ಷ ಕುಲುಮೆಯ ಮುಂದೆ ಬೆಂದೆ. ಉಳಿದವರು ವಿಡಿಯೊ ಸಭೆಯಲ್ಲಿ ಕಾಫಿ ಹೀರುತ್ತಾ "ಅದ್ಭುತ" ಎನ್ನುತ್ತಿದ್ದರು, ಪಾಪ.

ನಾನು ಹೊನ್ನಾವರದ ಬದಿಯ ಮೀನುಗಾರರ ಮನೆಯವಳು. ನಮ್ಮಲ್ಲಿ ರಂಪಣಿ ಬಲೆಯನ್ನು ಹತ್ತಾರು ಜನ ಸೇರಿ ದಡಕ್ಕೆ ಎಳೆಯುತ್ತಾರೆ. ಬಂದ ಮೀನನ್ನು ಎಲ್ಲರೆದುರು ಮರಳಿನ ಮೇಲೆ ಸುರಿದು, ಹಗ್ಗ ಹಿಡಿದವರಿಗೆಲ್ಲ ಪಾಲು ಹಾಕುತ್ತಾರೆ. ಒಂದು ಬಂಗಡೆ ಮುಚ್ಚಿಟ್ಟರೂ ಊರಲ್ಲಿ ಮುಖ ತೋರಿಸುವಂತಿಲ್ಲ. ಅದೇ ಬುದ್ಧಿಯಲ್ಲಿ ಮೊದಲ ವರ್ಷದ ಅಂಕಿಗಳನ್ನೆಲ್ಲ ಐದೂ ದೇಶಗಳ ಮುಂದೆ ಸುರಿದುಬಿಟ್ಟೆ.

ಐದೂ ದೇಶಗಳ ಸಮಿತಿಯಿಂದ ಜಂಟಿ ವರದಿಯ ಕರಡು ಬಂತು. ಅಂಕಿ ನನ್ನವು, ಚಿತ್ರಗಳು ನನ್ನವು. ಲೇಖಕರ ಪಟ್ಟಿಯಲ್ಲಿ ಆರು ಹೆಸರಿದ್ದವು, ನನ್ನದಿರಲಿಲ್ಲ. ಕೊನೆಯ ಪುಟದಲ್ಲಿ "ಭಾರತದ ಗೆಳೆಯರಿಗೆ" ಕೃತಜ್ಞತೆ ಇತ್ತು. ಎಂಥ ದೊಡ್ಡ ಮನಸ್ಸು!

ರಜೆಗೆ ಮನೆಗೆ ಬಂದಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಬಲೆ ಹೊಲಿಯುತ್ತ ಕೂತಿದ್ದ.

"ಹಗ್ಗ ಎಳದವ್ಳು ನೀನು. ಪಾಲು ಹಾಕುಕೆ ನಿಂತವ್ರು ಯಾರು?"

"ಸಮಿತಿಯವ್ರು."

"ಅವ್ರು ದಡದಲ್ಲಿದ್ರಾ?"

"ಇಲ್ಲ ಅಪ್ಪ, ಅವ್ರವ್ರ ದೇಶದಲ್ಲಿದ್ರು."

"ಮತ್ತೆ ಮೀನೆಲ್ಲ ಎಂತಕ್ಕೆ ಅಲ್ಲಿಗೆ ಕಳ್ಸಿದೆ?"

ಇಷ್ಟು ವರ್ಷ ಓದಿದ ನನಗೆ ನಾಚಿಕೆಯಾಯಿತು.

ಮರುದಿನವೇ ಸಮಿತಿಯ ಪತ್ರ ಬಂತು: ಎರಡನೇ ವರ್ಷದ ಅಂಕಿಗಳನ್ನು ಬೇಗ ಕಳಿಸಿ, ಜಾಗತಿಕ ಸಹಕಾರ ನಿಮಗಾಗಿ ಕಾಯುತ್ತಿದೆ. ಮೊದಲು ಹೆಸರು, ಆಮೇಲೆ ಅಂಕಿ ಎಂದು ಉತ್ತರಿಸಿದೆ. ಯೋಜನೆಯಿಂದಲೇ ಕಿತ್ತುಹಾಕಿದರೆ ಏನು ಗತಿ ಎಂದು ದಿನಕ್ಕೆ ಹತ್ತು ಸಲ ಮೇಲ್ ತೆರೆದು ನೋಡುತ್ತಿದ್ದೆ. ವಾರದ ಬಳಿಕ ನನ್ನ ನಡವಳಿಕೆ ಸಹಕಾರದ ಮನೋಭಾವಕ್ಕೆ ತಕ್ಕುದಲ್ಲ ಎಂಬ ಎರಡು ಪುಟದ ಉಪದೇಶ ಬಂತು. ಜೊತೆಗೆ ತಿದ್ದಿದ ಕರಡೂ ಇತ್ತು.

ಏಳನೆಯ ಹೆಸರು ನನ್ನದು. ಮೇಲಿನ ಆರು ಮಂದಿಯಲ್ಲಿ ಕುಲುಮೆಯ ಬಿಸಿ ತಾಗಿದವರು ಒಬ್ಬರೂ ಇಲ್ಲ. ಸ್ವಾಭಿಮಾನ ಇದ್ದವಳು ಅಲ್ಲಿಗೇ ಜಗಳ ಬಿಡುತ್ತಿರಲಿಲ್ಲ. ನಾನೋ, ಆ ಪುಟವನ್ನು ಪ್ರಿಂಟ್ ಹಾಕಿಸಲು ಪೇಟೆಗೆ ಓಡಿದೆ, ದಾರಿಯುದ್ದಕ್ಕೂ ಖುಷಿಗೆ ಅಳುತ್ತ.