ಕಾಂಬಳೆ ಮಾಸ್ತರರ ಕಪ್ಪು ಚಿತ್ರಗಳು

ಕಾಂಬಳೆ ಮಾಸ್ತರರ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪು. ಊಟಕ್ಕೆ ಮುಂಚೆ ನಿಂಬೆ ಸಿಪ್ಪೆ ಹಚ್ಚಿ ತಿಕ್ಕಿದರೂ ಉಗುರ ಸಂದಿಯ ಇದ್ದಿಲು ಹೋಗುತ್ತಿರಲಿಲ್ಲ. ನಿಪ್ಪಾಣಿಯ ನಮ್ಮ ಶಾಲೆಗೆ ಅವರು ಡ್ರಾಯಿಂಗ್ ಮಾಸ್ತರ. ಹಗಲು ನಮಗೆ ಮಾವಿನಹಣ್ಣು, ಬಾವುಟ ಬರೆಯಲು ಕಲಿಸುವರು. ಸಂಜೆ ತಮ್ಮ ಚಿತ್ರಕ್ಕೆ ಕೂರುವರು.

ದ್ರಾಕ್ಷಿಬಳ್ಳಿ ಕತ್ತರಿಸುವ ದಿನಗಳು ಬಂದವೆಂದರೆ ಭಾನುವಾರ ಬಸ್ಸು ಹಿಡಿದು ಅಥಣಿ ಕಡೆ ಹೋಗುತ್ತಿದ್ದರು. ತೋಟದವರು ಬಿಸಾಡಿದ ಕಡ್ಡಿಗಳನ್ನು ಚೀಲ ತುಂಬ ತಂದು, ಡಬ್ಬಿಯಲ್ಲಿ ಒತ್ತಿ ತುಂಬಿ, ಮುಚ್ಚಳಕ್ಕೆ ಕೆಸರು ಮೆತ್ತಿ ಒಲೆಯ ಕೆಂಡದಲ್ಲಿ ಹೂಳುವರು. ಅದೇ ಅವರು ಚಿತ್ರ ಬರೆಯುವ ಇದ್ದಿಲು. ಒಮ್ಮೆ ತೋಟದ ಧಣಿಯೊಬ್ಬರು ತಮ್ಮ ಹೊಸ ಬಂಗಲೆಯ ಚಿತ್ರ ಬರೆದುಕೊಡಲು ಕೇಳಿದರಂತೆ. ಮಾಸ್ತರರು ಬಳ್ಳಿ ಕಟ್ಟುವ ಹೆಂಗಸನ್ನು ಕಾಗದದ ತುಂಬ ಬರೆದು, ಅವಳ ಹಿಂದೆ ಬಂಗಲೆಯನ್ನು ಕಡ್ಡಿಪೆಟ್ಟಿಗೆಯಷ್ಟು ಮಾಡಿದ್ದರು. ಧಣಿ ಅದನ್ನು ಒಯ್ಯಲಿಲ್ಲ. ಇವರಿಗೆ ಬೇಸರವೂ ಆಗಲಿಲ್ಲ.

ಬೇಸರವಿದ್ದದ್ದು ನಮ್ಮ ಓಣಿಯ ಮೇಲೆ. ಕಟ್ಟೆಯ ಮೇಲೆ ಬೀಡಿ ಕಟ್ಟುವ ಹೆಂಗಸರು ಅವರೆದುರು ಕೂರುತ್ತಿದ್ದರು, ನಗುತ್ತಿದ್ದರು. ಚಿತ್ರವನ್ನು ಮಾತ್ರ ಮನೆಗೆ ಒಯ್ಯುತ್ತಿರಲಿಲ್ಲ. ನಮ್ಮಲ್ಲಿ ಗೋಡೆಯ ಮೇಲಿನ ದೊಡ್ಡ ಕಪ್ಪು ಪಟವೆಂದರೆ ಸತ್ತವರದು. ಹಾರ, ಕುಂಕುಮ, ಊದಿನಕಡ್ಡಿ ಅದಕ್ಕೆ. ಬದುಕಿದವರ ಪಟ ಹಾಕಿದರೆ ಸಾವನ್ನು ಕೈಯಾರೆ ಕರೆದಂತೆ.

ನಾನು ಎಂಟನೇ ತರಗತಿಯಲ್ಲಿದ್ದಾಗ ನನ್ನ ಅವ್ವನನ್ನು ಬರೆದರು. ಬಗ್ಗಿದ ಕುತ್ತಿಗೆ, ಮಡಿಲಲ್ಲಿ ಮೊರ, ಎಲೆ ಸುತ್ತುವ ಬೆರಳು. ದಿನವೂ ನೋಡುವ ಅವ್ವ ಇಷ್ಟು ದಣಿದಿದ್ದಾಳೆಂದು ನನಗೆ ಆವತ್ತೇ ಗೊತ್ತಾದದ್ದು. ಅಳು ಬಂತು.

ಅವ್ವ ಮುಟ್ಟಲಿಲ್ಲ. "ನಾ ಇನ್ನೂ ಜೀವಂತ ಅದೀನ್ರಿ, ಮಾಸ್ತರ" ಎಂದಳು.

ಮಾಸ್ತರರು ಹೆಬ್ಬೆರಳು ಒರೆಸಿಕೊಳ್ಳುತ್ತ ಹೇಳಿದರು: "ನಮ್ಮವ್ವನೂ ಬೀಡಿನ ಕಟ್ಟತಿದ್ಲು, ಅಕ್ಕಾ. ಹ್ವಾದ ಮ್ಯಾಲ ಹಾರ ಹಾಕಾಕ ಒಂದು ಫೋಟೋ ಸಿಗಲಿಲ್ಲ. ಈಗ ನೆನಸಿಕೊಂಡ್ರ ಬರೇ ಕೈ ಕಾಣತಾವ, ಮಾರಿ ಕಾಣೂದಿಲ್ಲ."

ಅವ್ವ ಚಿತ್ರ ತೆಗೆದುಕೊಂಡಳು. ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು.

ಮುಂದೆ ನಾನು ನರ್ಸ್ ಆಗಿ ಚಿಕ್ಕೋಡಿ ಸೇರಿದೆ, ಅವರು ನಿವೃತ್ತರಾದರು. ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ. ಕೊನೆಯ ಸಲ ಬಸ್‌ಸ್ಟ್ಯಾಂಡಿನಲ್ಲಿ ಕಂಡಾಗಲೂ, ಬಹಳ ಸೊರಗಿದ್ದರು, "ಅಕ್ಕ ಚಿತ್ರ ಗ್ವಾಡಿಗಿ ಹಾಕಿದ್ಲೇನವಾ?" ಎಂದರು. ಇಲ್ಲ ಸರ್ ಎಂದೆ. "ಇರಲಿ ಬಿಡು" ಎಂದು ಬಸ್ಸು ಹತ್ತಿದರು. ಒಂದು ಸುಳ್ಳಾದರೂ ಹೇಳಬಾರದಿತ್ತೇ ಎಂದು ಈಗ ಅನ್ನಿಸುತ್ತದೆ. ಹೇಳಿದ್ದರೆ ಅವರು ನೋಡಲು ಬಂದೇ ಬಿಡುತ್ತಿದ್ದರು.

ಅವರು ತೀರಿಕೊಂಡಾಗ ಅವ್ವನೊಂದಿಗೆ ಹೋಗಿದ್ದೆ. ಅಲ್ಲಿಂದ ಬಂದವಳೇ ಅವ್ವ ಸ್ನಾನ ಮಾಡಿ ಟ್ರಂಕು ತೆಗೆದಳು, ಚಿತ್ರ ನನ್ನ ಕೈಗಿಟ್ಟು ಮೊಳೆ ಹುಡುಕಿದಳು. ಗೋಡೆಗೆ ಹಾಕುವುದು ಸತ್ತವರದು ಅನ್ನುತ್ತಿದ್ದೆಯಲ್ಲ ಎಂದು ಕೇಳಿದೆ.

"ಸತ್ತವರು ಅವರು" ಎಂದಳು ಅವ್ವ. "ನಾ ಕೆಲಸದಾಗ ಅದೀನಿ. ಹಾಕು."

ಸಂಜೆ ಪಕ್ಕದ ಮನೆಯವಳು ಬಂದು, ಪಟ ನೋಡಿ ಬಾಯಿಗೆ ಕೈಯಿಟ್ಟುಕೊಂಡು ಹೊಸ್ತಿಲಲ್ಲೇ ನಿಂತಳು. ಪಟದ ಕೆಳಗೇ ಮೊರ ಇಟ್ಟುಕೊಂಡು ಕೂತಿದ್ದ ಅವ್ವ, ತಲೆಯೆತ್ತದೆ, ಒಳಗೆ ಬಂದು ಕೂರು ಎಂದಳು. ನೋಡಬೇಕಾಗಿದ್ದವರು ಮಾತ್ರ ಇರಲಿಲ್ಲ.